ಅತ್ತೆಯ ಆರತಿ ಪದದ ಪಾರ್ಸಲ್

ಬಂಗಾರಪೇಟೆಯಲ್ಲಿ ಶಿವಪ್ರಸಾದರ ಮಾನ ಹೋದದ್ದು ಒಂದು ಚಕ್ರದಿಂದ. ಕಾಲಚಕ್ರವಲ್ಲ, ಸುದರ್ಶನ ಚಕ್ರವೂ ಅಲ್ಲ. ಫೋನಿನಲ್ಲಿ ವಿಡಿಯೋ ತೆರೆಯುವಾಗ ನಟ್ಟನಡುವೆ ಸುತ್ತುತ್ತದಲ್ಲ, ಆ ಬಿಳಿ ಚಕ್ರ. ಬಾಮೈದ ರವಿಕಿರಣನ ಮಗಳ ನಿಶ್ಚಿತಾರ್ಥದ ದಿನ, ಸ್ಟೇಷನ್ ಹಿಂದಿನ ಛತ್ರದಲ್ಲಿ, ಮುತ್ತೈದೆಯರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಾಗ ಅದು ಸುತ್ತಿಯೇ ಸುತ್ತಿತು. ಛತ್ರದೊಳಗೆ ಸಿಗ್ನಲ್ ಇಲ್ಲದೆ ಹಾಡು ಮಾತ್ರ ಬರಲಿಲ್ಲ.

“ಬಾವಾ, ಅದು ಸುತ್ತೋದ್ ನಿಲ್ಲೋಷ್ಟೊತ್ಗೆ ಬೆಂಗ್ಳೂರಿಗೆ ಓದ ರೈಲು ವಾಪಸ್ ಬತ್ತದೆ,” ಎಂದ ರವಿಕಿರಣ. ಛತ್ರಕ್ಕೆ ಛತ್ರವೇ ನಕ್ಕಿತು.

ಅದೇನು ಸಾಮಾನ್ಯ ಹಾಡಲ್ಲ. ಶಿವಪ್ರಸಾದರ ಅತ್ತೆ ಚಿಕ್ಕವೆಂಕಟಮ್ಮನವರ ಆರತಿ ಪದ. ಅದನ್ನು ಕೇಳದೆ ಆ ಮನೆಯ ಯಾವ ಮದುಮಗಳೂ ಹಸೆಯಿಂದ ಎದ್ದವಳಲ್ಲ. ಈಗ ಅತ್ತೆಯ ಗಂಟಲು ಕಟ್ಟಿ, ಹಾಡುವುದಿರಲಿ ಮಾತೂ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. (ಆ ಡಾಕ್ಟರಿಗೆ ಶಿವಪ್ರಸಾದರು ಮನಸ್ಸಿನಲ್ಲೇ ಕೈಮುಗಿದದ್ದು ಹೆಂಡತಿಗೆ ಗೊತ್ತಿಲ್ಲ.) ಉಳಿದದ್ದು ಹಿಂದೆಂದೋ ಶಿವಪ್ರಸಾದರೇ ತೆಗೆದಿದ್ದ ಒಂದು ವಿಡಿಯೋ. ತೆಗೆದ ಫೋನು ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಬಿದ್ದು ದಿವಂಗತವಾಗಿತ್ತು. ವಿಡಿಯೋ ಮಾತ್ರ ಅವರ ಸ್ವಂತ ವೆಬ್‌ಸೈಟಿನಲ್ಲಿ ಕ್ಷೇಮವಾಗಿತ್ತು. ತಾವು ಕೆಲಸ ಮಾಡುವ ಫ್ಯಾಕ್ಟರಿಯವರು ಕೊಟ್ಟ ಕಂಪ್ಯೂಟರ್ ತರಬೇತಿ ಮುಗಿಸಿ ಬಂದವರೇ, ವಾಟ್ಸಾಪು ಬಡಪಾಯಿಗಳಿಗೆ, ಮನೆತನ ಅಂದಮೇಲೆ ಅದಕ್ಕೊಂದು ಜಾಲತಾಣ ಬೇಡವೇ ಎಂದು ಕಟ್ಟಿದ್ದ ಸಂಸ್ಥಾನ ಅದು.

ಉರಿಗಾಂನ ತಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಮರಳಿದ ಮೇಲೆ ಹೆಂಡತಿ ಉಮಾಮಹೇಶ್ವರಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದರು, ಅದಕ್ಕಿಂತ ಮೌನವೇ ಮೇಲಿತ್ತು.

“ಮದ್ವೆ ದಿನಾನೂ ಇಂಗೇ ಆದ್ರೆ ನಾನು ತವರು ಮನೇಲಿ ತಲೆ ಎತ್ತಂಗಿಲ್ಲ. ಅಮ್ಮನ ದನಿ ಕೇಳ್ದಲೇ ಮಗು ಅಂಗೇ ಎದ್ದೋಗ್ಬೇಕಾ?”

“ಅದಕ್ಕೇ ಒಂದು ಉಪಾಯ ಮಾಡಿವ್ನಿ,” ಎಂದರು ಶಿವಪ್ರಸಾದರು. “ಈಗ ನಮ್ ವಿಡಿಯೋ ಓಟ್ಲಲ್ಲಿ ಕೂತು ತಿಂದಂಗೆ. ಅವ್ರು ಬಡಿಸಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಇನ್ಮೇಲೆ ಪಾರ್ಸಲ್. ಒತ್ತಿದ ತಕ್ಷಣ ಬ್ರೌಸರ್‌ನಾಗೆ ತೆರ್ಕಳ್ದೆ ಸೀದಾ ಫೋನೊಳಕ್ಕೆ ಬಂದು ಕೂತ್ಕಂತದೆ. ಆಮೇಲೆ ಸಿಗ್ನಲ್ಲೇ ಬೇಕಾಗಿಲ್ಲ.”

“ಪಾರ್ಸಲ್ ಕಟ್ಟೋರು ಯಾರು?”

“ಸರ್ವರು.”

“ಅದಕ್ಕೆ ಯೋಳೋರು?”

“ನಾನೇ.”

“ಅದೇ ನಂಗೆ ಬಯ,” ಎಂದು ಉಮಾ ಒಳಗೆ ಹೋದರು.

ಭಾನುವಾರ ತಿಂಡಿ ಮುಗಿಸಿ ಶಿವಪ್ರಸಾದರು ಕಂಪ್ಯೂಟರಿನ ಮುಂದೆ ಆಸೀನರಾದರು. ಇಂಟರ್ನೆಟ್ಟಿನ ಪುಣ್ಯಾತ್ಮರೊಬ್ಬರು ಉಪಾಯ ಬರೆದಿಟ್ಟಿದ್ದರು: ಸರ್ವರಿನಲ್ಲಿ ಒಂದು ಸಾಲು ಸೇರಿಸಬೇಕು, ಈ ವಿಡಿಯೋವನ್ನು ತೆರೆದು ತೋರಿಸಬೇಡ, ಇಳಿಸಿ ಕೊಡು ಎಂದು. ಸಾಲು ಅರ್ಥವಾಗಲಿಲ್ಲವಾದರೂ ಶಿವಪ್ರಸಾದರು ಭಕ್ತಿಯಿಂದ ನಕಲು ಮಾಡಿದರು. ಫೋನಿನಲ್ಲಿ ಜಾಲತಾಣ ತೆರೆದು ಹಾಡಿನ ಹೆಸರು ಒತ್ತಿದರು.

ಏನೂ ಆಗಲಿಲ್ಲ. ಹಾಡಿಲ್ಲ, ಅತ್ತೆಯ ಮುಖವಿಲ್ಲ, ಆ ದರಿದ್ರ ಚಕ್ರ ಕೂಡ ಇಲ್ಲ. ಮತ್ತೆ ಒತ್ತಿದರು. ಪುಟ ಕಲ್ಲಿನ ಹಾಗೆ ಕೂತೇ ಇತ್ತು. ಕನ್ನಡಕ ಒರೆಸಿ ಒತ್ತಿದರು, ಬಾಗಿಲ ಬಳಿ ನಿಂತು ಒತ್ತಿದರು, ದೇವರ ಕಡೆ ತಿರುಗಿ ಒತ್ತಿದರು. ಫೋನು ನಡುನಡುವೆ ಏನನ್ನೋ ಕೇಳುತ್ತಿತ್ತು. ಅವರು ಓದದೆಯೇ ಹೂಂ ಎಂದು ಒತ್ತುತ್ತಿದ್ದರು. (ಮದುವೆಯಾದಾಗಿನಿಂದ ಅವರಿಗೆ ಅದೇ ಅಭ್ಯಾಸ.) ಇದ್ದದ್ದು ಒಂದೇ ಹಾಡು. ಅದನ್ನೂ ಕಳೆದುಬಿಟ್ಟೆನೇ?

“ಏನ್ರೀ, ಅಂಗ್ ಬೆವ್ರುತಾ ಇದೀರ?” ಉಮಾ ಬಂದು ಫೋನು ಇಣುಕಿದರು. “ಮೊದ್ಲು ಚಕ್ರನಾದ್ರೂ ಬತ್ತಿತ್ತು. ಅಮ್ಮನ ಪದಾನೇ ನುಂಗಾಕ್ಬುಟ್ರಾ?” ಅವರ ಕಣ್ಣಲ್ಲಿ ನೀರು ಬಂತು.

ಕಣ್ಣೊರೆಸಿಕೊಂಡು ಉಮಾ ಮತ್ತೆ ನೋಡಿದರು. “ಇದೇನಿದು, ಮೇಲ್ಗಡೆ ಬಾಣದ ಗುರ್ತು?” ಎಂದು ಬೆರಳಿನಿಂದ ಕೆಳಕ್ಕೆಳೆದು ಒತ್ತಿದರು. ಚಿಕ್ಕವೆಂಕಟಮ್ಮನವರ ಕಂಠ ಮನೆ ತುಂಬಿತು. ಹಾಡು ಯಾವಾಗಲೋ ಸದ್ದಿಲ್ಲದೆ ಫೋನೊಳಗೆ ಇಳಿದಿತ್ತು.

“ನಾನ್ ಯೋಳಲಿಲ್ವಾ, ಪಾರ್ಸಲ್ ಅಂತ?” ಎಂದರು ಶಿವಪ್ರಸಾದರು, ಎಲ್ಲವೂ ಮೊದಲೇ ತಿಳಿದಿದ್ದವರ ಹಾಗೆ. ಫೋನೊಳಗೆ ಇನ್ನೇನೇನು ಇಳಿದಿದೆ ಎಂದು ಇಬ್ಬರೂ ನೋಡಲಿಲ್ಲ.

ಮದುವೆಯ ದಿನ ಅದೇ ಛತ್ರ. ಶಿವಪ್ರಸಾದರು ಫೋನನ್ನು ಮೈಕ್‌ಸೆಟ್ಟಿಗೆ ಜೋಡಿಸಿ, ರವಿಕಿರಣನ ಕಡೆ ಒಮ್ಮೆ ನೋಡಿ, ಒತ್ತಿದರು. ಹಾಡು ಗಂಗೆಯ ಹಾಗೆ ಹರಿಯಿತು. ಮದುಮಗಳು ಅತ್ತಳು, ಉಮಾ ಅತ್ತರು, ರವಿಕಿರಣನೂ ಮೂಗೊರೆಸಿಕೊಂಡ. ಶಿವಪ್ರಸಾದರಿಗೆ ಜನ್ಮ ಸಾರ್ಥಕವೆನಿಸಿತು. ಹಾಡು ಮುಗಿಯಿತು. ತಟ್ಟೆ ಇಳಿಸುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರುವಾಯಿತು.

ಒಳ್ಳೆಯದಕ್ಕೇ ಎಂದುಕೊಂಡರು ಎಲ್ಲರೂ. ಮೂರನೆಯ ಸಲ ಶುರುವಾದಾಗ ಮುತ್ತೈದೆಯರು ಮುಖ ಮುಖ ನೋಡಿಕೊಂಡರು. ಶಿವಪ್ರಸಾದರು ಗಾಬರಿಯಾಗಿ ಫೋನಿಗೆ ಕೈಹಾಕಿದರೆ, ಅತ್ತೆಯ ಅಕ್ಕ ಅಮ್ಮಾಜಮ್ಮ ಕೈ ತಡೆದರು.

“ಆರತಿ ಪದ ನಡುವೆ ನಿಲ್ಲುಸ್ಬಾರ್ದು ಕಣಪ್ಪ. ಅಪಶಕುನ. ಮುಗೀಲಿ.”

“ಅದು ಮುಗೀತಾ ಇಲ್ವಲ್ಲ ದೊಡ್ಡತ್ತೆ.”

“ಮುಗ್ದೇ ಮುಗೀತದೆ.”

ಮುಗಿಯುವುದೆಂತು? ಆ ಭಾನುವಾರ, ‘ಮತ್ತೆ ಇಳಿಸಲೇ’ ಎಂದು ಫೋನು ಕೇಳಿದ್ದಕ್ಕೆ ಹೂಂ ಎಂದು ಒತ್ತಿದ ಒಂದೊಂದು ಒತ್ತಿಗೂ ಅದೇ ಹಾಡಿನ ಒಂದೊಂದು ಪ್ರತಿ ಇಳಿದು, ಫೋನೊಳಗೆ ಸಾಲಾಗಿ ಕೂತಿತ್ತು. ಒಂದು ಮುಗಿದರೆ ಉಸಿರು ಬಿಡುವಷ್ಟೂ ಸಮಯ ಕೊಡದೆ ಅದರ ತಂಗಿ ಶುರುವಾಗುತ್ತಿತ್ತು. ತಟ್ಟೆ ಹಿಡಿದವರ ತೋಳು ಸೋತಿತು. ಮದುಮಗನ ಕಾಲು ಜೋಮು ಹಿಡಿಯಿತು. ಚಾಂಪಿಯನ್ ರೀಫ್ಸಿನಿಂದ ಬಂದಿದ್ದ ತಮಿಳು ಅಡುಗೆಯವನು ಬಾಗಿಲಿಗೆ ಬಂದು, “ಸಾರ್, ರಸಂ ಆರಿಪೋಚು,” ಎಂದು ಕೈಚೆಲ್ಲಿದ.

ಕೊನೆಗೆ ಮೂಲೆಯ ಕುರ್ಚಿಯಿಂದ ಚಿಕ್ಕವೆಂಕಟಮ್ಮನವರೇ ಎದ್ದರು. “ಎಷ್ಟ್ ಸಲ ಆಡ್ತಾಳೆ ಆ ಮುದ್ಕಿ? ನನ್ಗೇ ಸಾಕಾಗೋಯ್ತು. ಮಕ್ಳು ಅಸ್ಕಂಡವ್ರೆ,” ಎಂದು ಪಿಸುಗುಟ್ಟಿ, ತಟ್ಟೆಗೆ ಕೈಜೋಡಿಸಿ, ಒಡಕು ದನಿಯಲ್ಲಿ ತಾವೇ ಕೊನೆಯ ಸಾಲು ಹಾಡಿದರು: “ಮಂಗಳ ನಮ್ಮನೆ ಮಗಳಿಗೆ, ಮಗಳ ಕೈ ಹಿಡಿದೋನಿಗೆ.” ಆರತಿ ಇಳಿಯಿತು. ಮದುಮಗಳು ಎದ್ದು ಅಜ್ಜಿಯನ್ನು ತಬ್ಬಿಕೊಂಡಳು. ಮೈಕಿನಲ್ಲಿ ಹಾಡು ಇನ್ನೂ ನಡೆದೇ ಇತ್ತು, ಯಾರಿಗೂ ಬೇಕಾಗಿರಲಿಲ್ಲ.

ಊಟದ ಚಪ್ಪರ ಛತ್ರದ ಹೊರಗೆ. ಅಲ್ಲಿ ಸಿಗ್ನಲ್ ಧಾರಾಳ. “ಬಾವಾ, ಅಮ್ಮ ಈಗ ಆಡಿದ್ನ ರೆಕಾರ್ಡ್ ಮಾಡ್ಕಂಡೆ. ವಾಟ್ಸಾಪ್‌ನಾಗೆ ಎಲ್ರಿಗೂ ಆಕಿವ್ನಿ. ನಿಮ್ಗೆ ಬಂತಾ?” ಎಂದ ರವಿಕಿರಣ. ಪಂಕ್ತಿಯುದ್ದಕ್ಕೂ ಫೋನುಗಳಲ್ಲಿ ಒಡಕು ದನಿ ಕೇಳುತ್ತಿತ್ತು. ಶಿವಪ್ರಸಾದರ ಫೋನು ಮಾತ್ರ ಏನೋ ಕೇಳಿತು. ಅವರು ಈ ಸಲ ಬುದ್ಧಿ ಕಲಿತು ಪೂರ್ತಿ ಓದಿದರು.

“ಏನಂತೆ?” ಎಂದರು ಉಮಾ.

“ಜಾಗ ಇಲ್ವಂತೆ. ಒಳ್ಗೆಲ್ಲಾ ನಿಮ್ಮಮ್ಮನೇ ತುಂಬ್ಕಂಡವ್ರೆ.”

ಎದುರು ಎಲೆಯಲ್ಲಿ ಚಿಕ್ಕವೆಂಕಟಮ್ಮನವರು ತಲೆ ಎತ್ತಿದರು.

“ಏನಂದ್ರಿ ಅಳಿಯಂದ್ರೇ?”

ಕಟ್ಟಿದ್ದ ಗಂಟಲು ಪೂರ್ತಿ ಬಿಟ್ಟಿತ್ತು. ಪಂಕ್ತಿಯ ಆ ತುದಿಯವರೆಗೂ ಸ್ಪಷ್ಟವಾಗಿ ಕೇಳಿತು, ಯಾವ ಚಕ್ರವೂ ಸುತ್ತಲಿಲ್ಲ.