ಬಸ್ಸಾರಿಗೆ ಬಿದ್ದ ಮದ್ದು

ಮಕ್ಕಳ ಕಥೆಯನ್ನು ದೊಡ್ಡವರಿಗೆ ಹೇಳಬಾರದು. ಹೇಳಿದರೂ ಅದು ಮನೆಯವರ ಕೈಗೆ ಸಿಗಬಾರದು. ಈ ಜ್ಞಾನ ನನಗೆ ತಡವಾಗಿ ಬಂತು. ಈಗ ಹಳೆಯ ರಾಜಕುಮಾರಿಯರಿಗೆಲ್ಲ ಕೆಟ್ಟ ಕಾಲ. ಮದುವೆಯಾಗಿ ಸುಖವಾಗಿದ್ದವರನ್ನು ಎಬ್ಬಿಸಿ ತಂದು ಕೊಲೆಗೋ ಹುಚ್ಚಿಗೋ ದೂಡುವುದೇ ಹೊಸ ಲೇಖಕರ ಕೆಲಸ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಗುಮಾಸ್ತೆಯಾಗಿರುವ ನನಗೂ ಆ ಚಪಲ ಹತ್ತಿತು. ಕನ್ನಡಿಯೊಡನೆ ಮಾತಾಡುವ ಮಲತಾಯಿ, ವಿಷದ ಸೇಬು, ಆ ಕಥೆಯನ್ನು ಹಿಡಿದುಕೊಂಡೆ. ಮಲತಾಯಿಯನ್ನು ನಾನು ಕಂಡವಳಲ್ಲ, ಹಾಗಾಗಿ ಅತ್ತೆಯನ್ನು ಹಾಕಿದೆ. ನಮ್ಮ ಕಡೆ ಸೇಬು ಕೊಟ್ಟರೆ ರೋಗಿಗೆ ಬೇಗ ವಾಸಿಯಾಗಲಿ ಎಂದು ಅರ್ಥ, ಆದ್ದರಿಂದ ಬಸ್ಸಾರನ್ನು ತಂದೆ. ಸಾಯಿಸುವ ಕೆಲಸವನ್ನು ಸೊಸೆಗೆ ವಹಿಸಿದೆ. ಅವಳು ದಿನವೂ ಸಾರಿಗೆ ಚೂರುಚೂರು ಮದ್ದು ಹಾಕುತ್ತಾಳೆ. ಮದ್ದು ಎಂದರೆ ಒಂದೇ ಏಟಿಗೆ ಕೊಲ್ಲದೆ ಒಳಗೊಳಗೇ ಸವೆಸುವ ವಿಷ. ಕಣ್ಣಾರೆ ಕಂಡವರಿಲ್ಲ, ನಂಬದವರೂ ಕಡಿಮೆ. ಪತ್ರಿಕೆಯವರು ತುಂಬಾ ಡಾರ್ಕ್ ಆಗಿದೆ ಎಂದು ಮೆಚ್ಚಿ ಅಚ್ಚು ಹಾಕಿದರು.

ನಮ್ಮ ಯಜಮಾನರು ನನ್ನ ಬರಹವನ್ನು ಎಂದೂ ಓದಿದವರಲ್ಲ. ಅಂದು ಯಾವ ಗಳಿಗೆಯೋ, ಹೆಂಡತಿಯ ಹೆಸರನ್ನು ಅಚ್ಚಿನಲ್ಲಿ ಕಂಡ ಹೆಮ್ಮೆಗೆ, ತಾಯಿಯನ್ನು ಕೂರಿಸಿಕೊಂಡು ಇಡೀ ಕಥೆಯನ್ನು ಗಟ್ಟಿಯಾಗಿ ಓದಿದರು. ಅತ್ತೆ ಮಂಡಿಕಲ್ ಕಡೆಯವರು, ಕಥೆ ಕೇಳುವುದು ಬಲ್ಲವರು. ಕೊನೆಯವರೆಗೂ ಹೂಂಗುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಅವ್ಳು ಅದನ್ನ ಒಗ್ಗರಣೆಗೆ ಮುಂಚೆ ಹಾಕ್ತಾಳೋ, ಆಮೇಲೋ?"

ಮರುದಿನದಿಂದ ಅವರ ಒಲೆ ಬೇರೆಯಾಯಿತು. ನನ್ನ ಸಾರಿನ ಖಾರ ತಮಗೆ ಆಗುವುದಿಲ್ಲವಂತೆ. ಇಷ್ಟು ವರ್ಷ ಅದೇ ಖಾರವನ್ನು ಸಪ್ಪೆ ಎಂದು ಬೈದವರು ಇವರು. ಸಕ್ಕರೆ ಕಾಯಿಲೆಯವರು, ಒಂದು ಹೊತ್ತು ಬೇಯಿಸಿಕೊಂಡರೆ ಇನ್ನೊಂದು ಹೊತ್ತು ಮಜ್ಜಿಗೆ ಕುಡಿದು ಮಲಗುವರು. ಹೀಗಾಗಿ ಸೊರಗಿದರು, ಸೊರಗಿದ್ದೇ ಮದ್ದಿಗೆ ಸಾಕ್ಷಿಯಾಯಿತು. ಪೆರೇಸಂದ್ರದಲ್ಲಿರುವ ಮಗಳ ಮನೆಗೆ ಹೋಗಿಬಿಡುವ ಮಾತು ಶುರುವಾಯಿತು. ಹೋದರೆ ತಿರುಗಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ತಾಯಿ ಇಲ್ಲದೆ ಬೆಳೆದ ನನ್ನ ಜ್ವರದ ಹಣೆಯನ್ನು ಮುಟ್ಟಿ ನೋಡಿದ ಮೊದಲ ಹೆಂಗಸು ಅವರು. ಹೆದರಿಕೆಯೂ ಆಯಿತು, ಅಳುವೂ ಬಂತು. ಅದು ಬರೀ ಕಥೆ ಅತ್ತೆ ಎಂದು ಕಾಲು ಹಿಡಿದೆ. ಕಥೆ ಸುಮ್ಮನೆ ಹುಟ್ಟುತ್ತದೆಯೇ ಎಂದರು. ಸಾಹಿತ್ಯದ ಬಗ್ಗೆ ನಾನೇ ನಾಲ್ಕು ಜನರೆದುರು ಆಡಿದ್ದ ಮಾತು ಅದು.

ಕೊನೆಗೆ ಅವರು ಮಗಳನ್ನು ಕರೆದುಕೊಂಡು ಹೋಗಿ ಒಂದು ಹಳ್ಳಿಯಲ್ಲಿ ಮದ್ದು ತೆಗೆಸಿಕೊಂಡು ಬಂದರು. ಎಂಥದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾರೆ. ಬಿದ್ದದ್ದರಲ್ಲಿ ಒಂದು ಗಂಟನ್ನು ಎತ್ತಿ ಇದೇ ಮದ್ದು ಎಂದು ತೋರಿಸುತ್ತಾರೆ. ಹಣ್ಣಾಗಿ ಹಿಂದಿರುಗಿದ ಅತ್ತೆಯ ಮುಖದಲ್ಲಿ ಮಾತ್ರ ಎಂಥದೋ ಶಾಂತಿ. ನನ್ನನ್ನು ಹತ್ತಿರ ಕೂರಿಸಿಕೊಂಡು, "ಹಳೇ ಮದ್ದಂತೆ ಕಣಮ್ಮ. ನೀನು ಈ ಮನೆಗೆ ಬಂದ ವರ್ಷದ್ದೇ ಅಂತೆ. ಹೋಗ್ಲಿ ಬಿಡು, ಆಗ ನಿನ್ಗೂ ಬುದ್ಧಿ ಇರ್ಲಿಲ್ಲ," ಎಂದು ತಲೆ ಸವರಿದರು.

ಮಾಡದ ಕೊಲೆಗೆ ಕ್ಷಮೆ ಸಿಕ್ಕಿದಾಗ ಏನು ಹೇಳಬೇಕೆಂದು ಯಾರೂ ಕಲಿಸಿಲ್ಲ. ಅಲ್ಲವೆಂದರೆ ಮತ್ತೆ ಪೆರೇಸಂದ್ರ. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ.

ಆ ಭಾನುವಾರ ಮಧ್ಯಾಹ್ನ ಅತ್ತೆ ತಾವೇ ಒಲೆ ಮುಂದೆ ನಿಂತು ಹಿತಕಿದ ಅವರೆಬೇಳೆ ಸಾರು ಮಾಡಿ, ಬಿಸಿ ಮುದ್ದೆ ಹಾಕಿ, ತಟ್ಟೆಯನ್ನು ನನ್ನ ಮುಂದಿಟ್ಟು ಎದುರಿಗೇ ಕುಳಿತರು. ಉಣ್ಣು ಎಂದರು. ಸಾರು ಘಮಘಮ ಎನ್ನುತ್ತಿತ್ತು. ಇಷ್ಟು ಸಲೀಸಾಗಿ ಕ್ಷಮಿಸುವವರು ನಾನು ಬರೆದ ಯಾವ ಕಥೆಯಲ್ಲೂ ಒಳ್ಳೆಯವರಲ್ಲ. ನನ್ನ ಕೈ ತಟ್ಟೆಯ ಮೇಲೇ ನಿಂತಿತು.

"ನೀವು ಮೊದ್ಲು ಊಟ ಮಾಡಿ ಅತ್ತೆ," ಎಂದೆ. ದೊಡ್ಡವರೆಂಬ ಮರ್ಯಾದೆಗೆ ಅಂದ ಮಾತು, ಅಷ್ಟೇ.

ಅತ್ತೆ ನನ್ನ ಮುಖವನ್ನೇ ನೋಡಿದರು. ನನ್ನ ತಟ್ಟೆಯಿಂದಲೇ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ.