ಬಿಚ್ಚೋ ಹಾಗಿಲ್ಲದ ಹೊಲಿಗೆ

ನಮ್ಮತ್ತೆ ಯಾವುದನ್ನೂ ನೆಟ್ಟಗೆ ನೋಡುವವರಲ್ಲ. ಉಲ್ಟಾ ಮಾಡಿಯೇ ನೋಡುವವರು! ತಪ್ಪು ತಿಳಿಯಬೇಡಿ, ಜಾವಗಲ್‌ನಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿರುವ ಹೆಂಗಸು. ಹೆಣ್ಣು ನೋಡಲು ಬಂದ ದಿನವೇ ನನ್ನ ರವಿಕೆಯ ತೋಳು ಮಗುಚಿ, "ಹುಡುಗಿ ಚೆನ್ನಾಗವ್ಳೆ, ಹೊಲಿಗೆ ಮಾತ್ರ ಬಿಚ್ಚಿ ಹೊಲೀಬೇಕು" ಎಂದವರು.

ಮಗು ಅಡ್ಡ ಮಲಗಿದೆ, ಸೊಸೆಗೆ ಸಿಸೇರಿಯನ್ನೇ ಗತಿ ಎಂದು ತಿಳಿದ ಮೇಲೆ ಇಂಥವರು ಸುಮ್ಮನಿರುತ್ತಾರೆಯೇ? ಅಳತೆ ಕೊಡಲು ಬಂದ ಹೆಂಗಸರನ್ನು ಪರದೆಯ ಹಿಂದೆ ಕರೆದು, ಆಪರೇಷನ್ ಆದವರಿದ್ದರೆ ಹೊಟ್ಟೆ ನೋಡತೊಡಗಿದರು. ಬಾಣಾವರದವಳ ಗಾಯಕ್ಕೆ ಹಾಕಿದ್ದು ಪಿನ್ನು, ಬಿಕ್ಕೋಡಿನವಳದಕ್ಕೆ ಅಂಟು, ಪಕ್ಕದ ಬೀದಿಯವಳದಕ್ಕೆ ದಾರ. ನನಗೋ ಗುರುತು ಕಾಣದಿದ್ದರೆ ಸಾಕಿತ್ತು. ಅತ್ತೆ ಎಲ್ಲರನ್ನೂ ಕೇಳುತ್ತಿದ್ದದ್ದು ಒಂದೇ: "ಗಾಯ ಬಿಟ್ಕೊಂತಾ?"

ಅರಸೀಕೆರೆಯಲ್ಲಿ ಡಾಕ್ಟರಮ್ಮನನ್ನೂ ಬಿಡಲಿಲ್ಲ.

"ಪಿನ್ನಾ, ಅಂಟಾ, ದಾರಾನಾ?"

"ಪಿನ್ ಬೇಗ ಆಗುತ್ತೆ, ಆದ್ರೆ ಗಾಯ ಬಿಟ್ಕೊಳ್ಳೋದು ಸ್ವಲ್ಪ ಜಾಸ್ತಿ. ಗುರುತು ಕೊನೆಗೆ ಹೆಚ್ಚುಕಮ್ಮಿ ಒಂದೇ ಥರ. ನಾನು ಚರ್ಮದ ಒಳಗೇ ದಾರ ಹಾಕ್ತೀನಮ್ಮ. ತಾನಾಗೇ ಕರಗುತ್ತೆ, ಬಿಚ್ಚೋ ಹಾಗಿಲ್ಲ."

"ಬಿಚ್ಚೋ ಹಾಗಿಲ್ವಾ! ತಪ್ಪಾದ್ರೆ?"

"ತಪ್ಪಾಗಲ್ಲಮ್ಮ."

"ನಾನೂ ಗಿರಾಕಿಗಳಿಗೆ ಹಂಗೇ ಹೇಳೋದು!"

ಡಾಕ್ಟರಮ್ಮ ನಕ್ಕರು. ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡೆ.

ಮಗಳು ಹುಟ್ಟಿದಳು. ಹೊಲಿಗೆ ಕಿತ್ತುಹೋದೀತೆಂಬ ಭಯಕ್ಕೆ ನಾನಾಗಿ ಅವಳನ್ನು ಎತ್ತಿಕೊಳ್ಳುತ್ತಲೇ ಇರಲಿಲ್ಲ; ಯಾರಾದರೂ ಮಡಿಲಿಗೆ ಹಾಕಿದರೆ ಉಂಟು. ಹತ್ತನೆಯ ದಿನ ಅತ್ತೆ ಕನ್ನಡಕ ಏರಿಸಿ ನನ್ನ ಗಾಯವನ್ನು ಬಹಳ ಹೊತ್ತು ನೋಡಿದರು. ಇನ್ನೇನು, ಬಿಚ್ಚಿ ಹೊಲೀಬೇಕು ಎನ್ನುತ್ತಾರೆ ಎಂದುಕೊಂಡೆ. ಅವರು ಬಾಗಿಲು ಮುಚ್ಚಿ ಬಂದು ತಮ್ಮ ಸೆರಗು ಸರಿಸಿ, ನೆರಿಗೆ ಕೆಳಕ್ಕಿಳಿಸಿದರು. ಹೊಕ್ಕುಳಿಂದ ಕೆಳಕ್ಕೆ, ಗೋಣಿಚೀಲದ ಬಾಯಿ ಹೊಲಿದಂಥ ದಪ್ಪ ಗೆರೆ!

"ನಿನ್ ಗಂಡ ಹುಟ್ಟಿದಾಗಿನ್ದು. ಎರಡ್ ಸಲ ಬಿಟ್ಕೊಂತು. ಎರಡ್ ತಿಂಗ್ಳು ಅವನನ್ನ ಎತ್ಕೊಳ್ಳಕ್ಕಾಗ್ಲಿಲ್ಲ. ಬೇರೆಯೋರ ಕೈಲಿ ಅಳೋನು, ನಾನು ನೋಡ್ಕೊಂಡು ಮಲಗಿರ್ತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಊರವರ ಹೊಟ್ಟೆಯನ್ನೆಲ್ಲ ಈಕೆ ನೋಡಿದ್ದು ಇದಕ್ಕಾ! ನಾನು ನಾಚಿಕೊಂಡಿದ್ದು ಇದಕ್ಕಾ!

ಅತ್ತೆ ತೊಟ್ಟಿಲಿನ ಕಡೆ ಕೈ ತೋರಿಸಿದರು. "ಡಾಕ್ಟರಮ್ಮನ ಕೈ ಚೆನ್ನಾಗೈತೆ. ಬಿಚ್ಚೋದೇನೂ ಇಲ್ಲ. ಎತ್ಕೊ ಕಣಮ್ಮ, ನೀನೇ ಎತ್ಕೊ."

ಎತ್ತಿಕೊಂಡೆ. ಅತ್ತೆ ಮಗುವಿನ ಅಂಗಿಯ ಅಂಚು ಮಗುಚಿ ಹೊಲಿಗೆ ನೋಡುತ್ತಾ, ಕಣ್ಣೊರೆಸಿಕೊಂಡರು.