ಬಸ್ಸಾರಿಗೆ ರಾಜನಿಲ್ಲದಿರುವ ಬಗ್ಗೆ

ಸಂಖ್ಯೆ: ಖಾದ್ಯ/ಐತಿಹ್ಯ/ಸಿಆರ್-17/2008-09
ರಾಮನಗರ, ದಿನಾಂಕ: 12-11-2008

ಸುತ್ತೋಲೆ

ವಿಷಯ: ಜಿಲ್ಲಾ ತಿನಿಸು ಮೇಳದ ಮಳಿಗೆಗಳಲ್ಲಿ ತಿನಿಸಿನ ಹುಟ್ಟಿನ ಕಥೆಯನ್ನು ಫಲಕದಲ್ಲಿ ಪ್ರದರ್ಶಿಸುವ ಕುರಿತು.

ಉಲ್ಲೇಖ: ಅಕ್ಕೂರಿನ ಶ್ರೀಮತಿ ನಾಗಲಕ್ಷ್ಮಮ್ಮ ಅವರ ಅರ್ಜಿ (ಎರಡು ಬಾರಿ).

1. ಹೊಸ ಜಿಲ್ಲೆಯ ತಿನಿಸುಗಳಿಗೆ ಐತಿಹ್ಯದ ಕೊರತೆ ಇರುವುದು ಗಮನಕ್ಕೆ ಬಂದಿರುತ್ತದೆ. ಕಥೆಯಿಲ್ಲದ ತಿನಿಸಿಗೆ ಮಳಿಗೆ ನೀಡತಕ್ಕದ್ದಲ್ಲ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.

2. ಕಥೆಯಲ್ಲಿ ಒಬ್ಬ ರಾಜ ಅಥವಾ ಋಷಿ ಕಡ್ಡಾಯ. ಕಥೆಯು ನಾನೂರು ವರ್ಷ ಹಳೆಯದಾಗಿರಬೇಕು. ಕಳೆದ ಸೋಮವಾರ ಬರೆದದ್ದಾದರೂ ಆಕ್ಷೇಪಣೆಯಿಲ್ಲ.

3. ಮಾರುವೇಷದ ಒಬ್ಬನೇ ರಾಜ ಒಂದೇ ಬೆಳಿಗ್ಗೆ ಬಿಡದಿಯ ಹನ್ನೊಂದು ಅಂಗಡಿಗಳಲ್ಲಿ ತಟ್ಟೆ ಇಡ್ಲಿ ತಿಂದಿರುವುದಾಗಿ ಅರ್ಜಿಗಳು ಬಂದಿವೆ. ಅಂಗಡಿಯವರು ರಾಜನನ್ನು ವಾರದ ದಿನಗಳಿಗೆ ಹಂಚಿಕೊಳ್ಳತಕ್ಕದ್ದು.

4. ಶ್ರೀಮತಿ ನಾಗಲಕ್ಷ್ಮಮ್ಮ ಅವರು ಬಸ್ಸಾರಿನ ಮಳಿಗೆ ಕೋರಿದ್ದು, ರಾಜನ ಹೆಸರು ಬರೆಯಬೇಕಾದ ಕಲಂನಲ್ಲಿ ‘ನಮ್ಮತ್ತೆ’ ಎಂದು ಬರೆದಿರುತ್ತಾರೆ. ಅರ್ಜಿಯನ್ನು ತಿರಸ್ಕರಿಸಲಾಯಿತು. ಮರುದಿನ ಅದನ್ನೇ ಮತ್ತೆ ತಂದುಕೊಟ್ಟಿರುತ್ತಾರೆ.

5. ರಾಜನೊಬ್ಬನನ್ನು ಸೇರಿಸುವಂತೆ ಅವರ ಮನವೊಲಿಸಲು ಪ್ರಥಮ ದರ್ಜೆ ಸಹಾಯಕ ಶ್ರೀ ಬಾಲರಾಜು ಅವರನ್ನು ಅಕ್ಕೂರಿಗೆ ಕಳುಹಿಸಲಾಯಿತು. ಅವರು ದಾಖಲಿಸಿಕೊಂಡ ಅರ್ಜಿದಾರರ ಹೇಳಿಕೆ ಇಂತಿದೆ:

“ರಾಜ ಬಂದಿದ್ರೆ ನಮ್ಮತ್ತೆ ಅನ್ನ ಮಾಡೋರು ಕಣಪ್ಪ. ಮನೇಲಿ ಇದ್ದುದ್ದು ಒಂದ್ ಹಿಡಿ ಕಾಳು, ಒಸಿ ಸೊಪ್ಪು. ಬೆಂದಿದ್ನೆಲ್ಲ ಪಲ್ಯ ಮಾಡಿ ಗಂಡಸ್ರಿಗೆ ಬಡಿಸ್ಬುಟ್ಟು, ಬಸಿದ ನೀರ್ಗೆ ಖಾರ ಅರೆದು ಹಾಕಿ ಬಸ್ಸಾರು ಮಾಡ್ಕಂಡು ತಾವು ಉಣ್ಣೋರು. ಒಂದಿನ ನಮ್ ಮಾವ ವಾಸನೆ ಹಿಡ್ದು, ನಂಗೂ ಬುಡು ಅಂದ್ರು. ಅವತ್ತಿಂದ ಅತ್ತೆಗೆ ಅದೂ ಸಿಕ್ನಿಲ್ಲ.”

6. ಹೇಳಿಕೆ ಪಡೆಯುವ ವೇಳೆ ಶ್ರೀ ಬಾಲರಾಜು ಅವರು ಬಸ್ಸಾರಿನಲ್ಲಿ ಎರಡು ಮುದ್ದೆ ಉಂಡಿದ್ದು, ಅದನ್ನು ಸ್ಥಳ ಪರಿಶೀಲನೆ ಎಂದು ಪರಿಗಣಿಸಲಾಗಿದೆ. ಮೂರನೆಯ ಮುದ್ದೆಗೆ ಲಿಖಿತ ವಿವರಣೆ ಕೇಳಲಾಗಿದೆ.

7. ಸದರಿ ಹೇಳಿಕೆಯನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿಸಲಾಯಿತು. ಬಳಿಕ ತಿರಸ್ಕಾರದ ಆದೇಶವನ್ನು ಹಿಂಪಡೆಯಲಾಗಿದೆ. ಈ ಸುತ್ತೋಲೆಯ ಉದ್ದೇಶಕ್ಕೆ ಮಾತ್ರ ಅತ್ತೆಯನ್ನು ಋಷಿಗೆ ಸಮಾನವೆಂದು ಭಾವಿಸಿ, ಮಳಿಗೆ ಸಂಖ್ಯೆ 9ನ್ನು ಮಂಜೂರು ಮಾಡಲಾಗಿದೆ. ಇತರ ಅತ್ತೆಯರು ಇದನ್ನು ಪೂರ್ವನಿದರ್ಶನವಾಗಿ ಬಳಸತಕ್ಕದ್ದಲ್ಲ.

8. ಶ್ರೀ ಬಾಲರಾಜು ಅವರು ಸಾತನೂರಿನ ತಮ್ಮ ಮನೆಗೆ ಹೋಗಿ ‘ಅವ್ವನಿಗೆ ಮೊದಲು ಬಡಿಸಲು’ ಅರ್ಧ ದಿನದ ರಜೆ ಕೋರಿದ್ದಾರೆ. ಇಂತಹ ರಜೆಗೆ ನಿಯಮಗಳಲ್ಲಿ ಅವಕಾಶವಿಲ್ಲ. ಮಂಜೂರು ಮಾಡಲಾಗಿದೆ.

ಸಹಿ/-
ಉಪ ನಿರ್ದೇಶಕರು (ಐತಿಹ್ಯ)

ಪ್ರತಿಗಳು:
1. ಬಿಡದಿಯ ಹನ್ನೊಂದು ಅಂಗಡಿಯವರಿಗೆ – ಅನುಸರಣೆಗಾಗಿ.
2. ಶ್ರೀಮತಿ ನಾಗಲಕ್ಷ್ಮಮ್ಮ, ಅಕ್ಕೂರು – ಫಲಕ ಬರೆಸಲು.
3. ಉಪ ನಿರ್ದೇಶಕರ ಪತ್ನಿಯವರಿಗೆ – ಮಧ್ಯಾಹ್ನ ಪತಿಗಾಗಿ ಕಾಯದೆ ಮೊದಲೇ ಊಟ ಮಾಡುವಂತೆ ಕೋರಿ.